ಪೂರ್ವಕ್ಕೆ ಸರ್ಕಾರಿ ಖರಾಬು

ಬೀರಮ್ಮನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಬರೆಯಬೇಕಾದ ಹೊತ್ತಿನಲ್ಲಿ ಅವಳನ್ನು ಬಿಟ್ಟು ಬರೆದವನು ನಾನೇ. ಆಗ ಮೈಸೂರಿನ ಕಚೇರಿಯ ಮುಂದೆ ಮರದಡಿ ಕೂತು ಅರ್ಜಿ, ಕರಾರುಪತ್ರ ಬರೆಯುವುದು ನನ್ನ ಕಸುಬು.

ನಜರ್‌ಬಾದಿನ ಅಂಚಿನಲ್ಲಿ ಕಿರಿಸ್ತಾನರ ಸಂತಿಯಾಗುವಿನ ಸುಣ್ಣದ ಗೂಡಿತ್ತು. ಅದರ ಪಶ್ಚಿಮಕ್ಕೆ ನಿಂಗಯ್ಯನ ವೀಳ್ಯದೆಲೆ ತೋಟ, ಪೂರ್ವಕ್ಕೆ ಬೀರಮ್ಮನ ಗುಡಿಸಲು. ಬೀರಮ್ಮ ಆ ಗೂಡಿನಲ್ಲೇ ಸುಣ್ಣ ಜರಡಿ ಹಿಡಿಯುವವಳು. ಇಪ್ಪತ್ತು ವರ್ಷದ ಕೆಲಸಕ್ಕೆ ಅವಳ ಬೆರಳ ಸಂದುಗಳೆಲ್ಲ ಬೆಂದುಹೋಗಿದ್ದವು. ಮಗಳು ಅಳಿಯ ಇಬ್ಬರೂ ಇನ್‌ಫ್ಲುಯೆಂಜಾ ಬಂದ ವರ್ಷ ತೀರಿಕೊಂಡು, ಮೊಮ್ಮಗಳು ಕೆಂಚಮ್ಮ ಒಬ್ಬಳು ಉಳಿದಿದ್ದಳು. ಆರು ವರ್ಷದ ಹುಡುಗಿ, ಹುಟ್ಟಿದಾಗಿನಿಂದ ಉಬ್ಬಸ.

ಮೊದಲು ಹೊಗೆ ಗಾಳಿ ಬೀಸಿದತ್ತ ಹೋಗುತ್ತಿತ್ತು. ಕೆಲವು ದಿನ ತೋಟಕ್ಕೆ, ಕೆಲವು ದಿನ ಗುಡಿಸಲಿಗೆ. ಗುಡಿಸಲಿಗೆ ಬಿಡುವು ಸಿಕ್ಕ ದಿನ ಕೆಂಚಮ್ಮ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಆ ದಿನ ನಿಂಗಯ್ಯ ಕಲೆ ಬಿದ್ದ ಎಲೆಗಳನ್ನು ಬುಟ್ಟಿಗಟ್ಟಲೆ ತಂದು ಗೂಡಿನ ಬಾಯಿಗೆ ಸುರಿದು, ಬಾಯಿಗೆ ಬಂದಂತೆ ಬೈಯುತ್ತಿದ್ದ. ಗೂಡು ಮೊದಲೋ ತೋಟ ಮೊದಲೋ ಎಂದು ಅವನೂ ಸಂತಿಯಾಗುವೂ ಎರಡು ವರ್ಷ ಕಿತ್ತಾಡಿದರು. ಕೋರ್ಟಿಗೆ ಹೋದರೆ ಇಬ್ಬರೂ ಹಾಳಾಗುತ್ತೇವೆಂದು ಬುದ್ಧಿ ಬಂದು, ಕಡೆಗೆ ನನ್ನ ಹತ್ತಿರ ಬಂದು ಕೂತರು.

ಕರಾರು ಹೀಗಾಯಿತು. ತೋಟದ ಕಡೆ ಗಾಳಿ ಬೀಸುವ ದಿನ ಸಂತಿಯಾಗು ಗೂಡಿಗೆ ಬೆಂಕಿ ಹಾಕಕೂಡದು. ಬದಲಿಗೆ ಸುಣ್ಣ ಅರಳಿಸಲು ನಿಂಗಯ್ಯನ ಬಾವಿಯಿಂದ ನೀರು. ಗಾಳಿ ನೋಡುವುದಕ್ಕೆ ತೋಟದ ಅಗಸೆ ಮರಕ್ಕೆ ಗಳ ಕಟ್ಟಿ ಕೆಂಪು ಬಟ್ಟೆ. ಎಂಥ ಅಚ್ಚುಕಟ್ಟಾದ ಪತ್ರ ಎಂದು ನಾನು ಬೀಗಿದೆ. ಪತ್ರಕ್ಕೆ ಚಕ್ಕುಬಂದಿ ಬೇಕು, ಅಂದರೆ ಜಾಗದ ನಾಲ್ಕು ದಿಕ್ಕಿಗೂ ಏನೇನಿದೆ ಎಂಬ ವಿವರ. ಪಶ್ಚಿಮಕ್ಕೆ ನಿಂಗಯ್ಯನವರ ತೋಟ ಎಂದು ಬರೆದು, ಪೂರ್ವಕ್ಕೇನು ಎಂದು ಕೇಳಿದೆ.

"ಬೀರಮ್ಮನ ಗುಡ್ಲು ಐತೆ. ಪಟ್ಟಾ ಗಿಟ್ಟಾ ಏನಿಲ್ಲ" ಎಂದ ಸಂತಿಯಾಗು.

ಪಟ್ಟಾ ಇಲ್ಲದ್ದನ್ನು ಚಕ್ಕುಬಂದಿಯಲ್ಲಿ ಕಾಣಿಸುವುದಿಲ್ಲ, ಅದು ನಮ್ಮ ಕಸುಬಿನ ರೂಢಿ. 'ಪೂರ್ವಕ್ಕೆ ಸರ್ಕಾರಿ ಖರಾಬು' ಎಂದು ಬರೆದೆ. ಇಬ್ಬರೂ ತಾಂಬೂಲ ಬದಲಾಯಿಸಿಕೊಂಡರು. ಎಲೆ ನಿಂಗಯ್ಯನದು, ಸುಣ್ಣ ಸಂತಿಯಾಗುವಿನದು. ನನಗೂ ಒಂದು ಬೀಡ ಸಿಕ್ಕಿತು.

ಅಂದಿನಿಂದ ಗೂಡು ಉರಿದಾಗಲೆಲ್ಲ ಹೊಗೆ ಗುಡಿಸಲಿಗೇ. ಬೀರಮ್ಮ ಸಂತಿಯಾಗುವಿನ ಮುಂದೆ ನಿಂತಳು.

"ಸಾಮಿ, ವಾರಕ್ಕೊಂದಿನ ಹೊಗೆ ಆ ಕಡೀಕೆ ಬುಡಿ. ಮಗು ಉಸುರಾಡ್ಕೊಳ್ಳಲಿ. ಅವತ್ತಿನ ಕೂಲಿ ನಂಗೆ ಬ್ಯಾಡ."

"ನಿಂಗಯ್ಯನೋರು ಒಪ್ಪಬೇಕಲ್ಲ ಕಣಮ್ಮ" ಎಂದ ಅವನು.

ನಿಂಗಯ್ಯ ಕೇಳಿದ್ದು ಒಂದೇ ಮಾತು. "ನಾನು ಬಾವಿ ನೀರು ಕೊಟ್ಟು ಹೊಗೆ ತಡ್ದಿವ್ನಿ. ನೀನೇನ್ ಕೊಟ್ಟೀಯೆ?"

ಅಲ್ಲಿಂದ ನೆಟ್ಟಗೆ ನನ್ನ ಮರದಡಿಗೆ ಬಂದಳು. "ಆ ಕಾಗ್ದದಲ್ಲಿ ನಾನೆಲ್ಲಿವ್ನಿ, ವಸಿ ಓದಿ ಸಾಮಿ."

ನನ್ನ ಬಳಿಯಿದ್ದ ನಕಲು ತೆಗೆದು ಓದಿದೆ. ಖರಾಬು ಅಂದರೇನು ಎಂದು ಕೇಳಿದಳು. ಯಾರೂ ಇಲ್ಲದ ಬೀಳು ಜಾಗ ಎಂದೆ.

"ಅಂಗಾದ್ರೆ ಅಲ್ಲಿ ಕೆಮ್ತಿರೋದು ಯಾರು ಸಾಮಿ?"

ನಾಚಿಕೆಯಿಂದ ಕುಗ್ಗಿಹೋದೆ. ಹೊಗೆ ತಪ್ಪಿಸಬೇಕೆಂದು, ಕಾಸು ತೆಗೆದುಕೊಳ್ಳದೆ ಅವಳ ಹೆಸರಿನಲ್ಲಿ ಕಚೇರಿಗೆ ಅರ್ಜಿ ಬರೆದು ಹಾಕಿದೆ. ಅದು ನನ್ನ ಎರಡನೆಯ ತಪ್ಪು. ಹೊಗೆಯ ಬಗ್ಗೆ ಯಾರೂ ಚಕಾರವೆತ್ತಲಿಲ್ಲ. ಸರ್ಕಾರದ ಬೀಳಿನಲ್ಲಿ ಅಕ್ರಮವಾಗಿ ಗುಡಿಸಲು ಹಾಕಿರುವುದು ಅರ್ಜಿಯಿಂದಲೇ ಗೊತ್ತಾಗಿದೆ, ತೆರವು ಮಾಡತಕ್ಕದ್ದು ಎಂದು ಉತ್ತರ ಬಂತು.

ತೆರವಿಗೆ ಆಳುಗಳು ಬರುವ ಮೊದಲೇ, ಮುಂಗಾರಿನ ಗಾಳಿಯಲ್ಲಿ, ಕೆಂಚಮ್ಮ ಹೋದಳು. ಆ ದಿನವೂ ಕೆಂಪು ಬಟ್ಟೆ ಗುಡಿಸಲ ಕಡೆಗೇ ಹಾರುತ್ತಿತ್ತು. ಸಂತಿಯಾಗು ಬಂದು ಮಗುವಿನ ತಲೆಯ ಹತ್ತಿರ ಮೇಣದ ಬತ್ತಿ ಹಚ್ಚಿಟ್ಟು ಬಿಕ್ಕಿಬಿಕ್ಕಿ ಅತ್ತ. ಅದು ನಾಟಕವಲ್ಲ. ಆದರೆ ಗೂಡು ಆರಿಸಲಿಲ್ಲ. ಅರೆಬೆಂದ ಸುಣ್ಣದ ಕಲ್ಲು ಯಾವುದಕ್ಕೂ ಬಾರದು.

ಮರುವರ್ಷ ಆ ಬೀಳನ್ನು ನಿಂಗಯ್ಯ ತನ್ನ ಹೆಸರಿಗೆ ಮಾಡಿಸಿಕೊಂಡ. ಗುಡಿಸಲು ಕಿತ್ತ ಜಾಗದಲ್ಲಿ ಎಲೆಬಳ್ಳಿ ನೆಟ್ಟ. ಈಗ ಗಾಳಿ ಎತ್ತ ಬೀಸಿದರೂ ಹೊಗೆ ಬೀಳುವುದು ಅವನ ಎಲೆಯ ಮೇಲೆಯೇ. ಎಂಟು ದಿನ ತುಂಬುವುದರೊಳಗೆ ಇಬ್ಬರೂ ನನ್ನ ಹತ್ತಿರ ಬಂದರು. ಊರಾಚೆ ಇದ್ದ ನಿಂಗಯ್ಯನ ಜಮೀನಿಗೆ ಗೂಡು ಹೋಗುವುದು, ಗೂಡಿನ ಜಾಗ ನಿಂಗಯ್ಯನಿಗೆ ಬರುವುದು. ಒಂದು ಮಧ್ಯಾಹ್ನದಲ್ಲಿ ಮಾತು ಮುಗಿಯಿತು. ಇಷ್ಟು ಸುಲಭವಿತ್ತೇ ಎಂದು ನನಗೆ ಮೈಯೆಲ್ಲ ಉರಿಯಿತು.

ಈ ಸಲ ಚಕ್ಕುಬಂದಿಯನ್ನು ಕಣ್ಣಾರೆ ನೋಡಿಯೇ ಬರೆಯುತ್ತೇನೆಂದು ಸ್ಥಳಕ್ಕೆ ಹೋದೆ. ಬೀರಮ್ಮ ತೋಟದಲ್ಲಿ ನೀರು ಹೊರುವ ಕೂಲಿಗೆ ಸೇರಿದ್ದಳು. ಅವಳ ಒಲೆ ಇದ್ದ ಜಾಗದಲ್ಲೇ ಒಂದು ಎಳೆಬಳ್ಳಿ. ಅದರ ಬುಡಕ್ಕೆ ಕೊಡ ಬಗ್ಗಿಸುತ್ತ ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ಇನ್ಮ್ಯಾಕೆ ಇಲ್ಲಿ ಹೊಗೆ ಬರಾಕಿಲ್ಲ ಸಾಮಿ" ಎಂದಳು. "ಎಲೆಗೆ ತಡೆಯಾಕಾಗಾಕಿಲ್ವಂತೆ."

ಪೂರ್ವಕ್ಕೆ ನಿಂಗಯ್ಯನವರ ತೋಟ ಎಂದು ಬರೆದುಕೊಂಡು ಬಂದೆ.