ತಂಗಿಯ ಪತ್ರದ ಹಿಂಬದಿ

ಮಧ್ಯಾಹ್ನ ಹನ್ನೆರಡಕ್ಕೆ ತರೀಕೆರೆಯಿಂದ ಸೊಸೆ ಫೋನ್ ಮಾಡಿದಾಗ ನಾನು ಕಡೂರಿನ ಮನೆಯಲ್ಲಿ ಒಬ್ಬಳೇ ಹುರುಳಿ ಆರಿಸುತ್ತಾ ಕೂತಿದ್ದೆ. ಅವಳು ನನ್ನ ತಂಗಿಯನ್ನು ಕರೆದುಕೊಂಡು ವಕೀಲರ ಹತ್ತಿರ ಹೋಗಿದ್ದಳು.

"ಅತ್ತೆ, ಪತ್ರದ ಹಿಂಬದಿ ಬೇಕಂತೆ. ನಾವು ಮುಂದಿಂದು ಮಾತ್ರ ಸ್ಕ್ಯಾನ್ ಮಾಡೀವಿ. ಚಕ್ಕುಬಂದಿ, ಸಾಕ್ಷಿಗಳ ಹೆಬ್ಬೆಟ್ಟು ಎಲ್ಲಾ ಹಿಂದುಗಡೆ ಐತೆ. ಮೂರು ಗಂಟೆಗೆ ಕೇಸ್ ಕರೀತಾರೆ."

ಹುರುಳಿಯ ಮೊರ ಪಕ್ಕಕ್ಕಿಟ್ಟೆ.

ಅದು ನಮ್ಮಪ್ಪ ತಂಗಿಗೆ ಬರೆದುಕೊಟ್ಟ ದಾನಪತ್ರ. ಅಜ್ಜಂಪುರದ ಹತ್ತಿರ ಒಂದು ತೆಂಗಿನ ತೋಟ, ಅದರಲ್ಲೊಂದು ಮನೆ. ಅವಳು ಇರುವುದು ಅಲ್ಲೇ, ಉಣ್ಣುವುದು ಅದರಿಂದಲೇ. ಗಂಡ ಸತ್ತ ಮೇಲೆ ಮೈದುನನ ಮಗ ಅದು ತಮ್ಮ ಒಟ್ಟು ಕುಟುಂಬದ ಆಸ್ತಿ ಎಂದು ತಕರಾರು ಹಾಕಿದ್ದ. ಅಂಥವನು ಹೋಗಿ ಬರುವ ಮನೆಯಲ್ಲಿ ಪತ್ರ ಇಡಬೇಡ ಎಂದು ನಾನೇ ತಂದು ನನ್ನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೆ.

ಆವತ್ತು ಬೆಳಿಗ್ಗೆ ನಮ್ಮ ಮನೆಗೆ ಬಂದು ಸೊಸೆಯ ಜೊತೆ ಹೊರಡುವಾಗ ತಂಗಿ ಅಸಲು ಪತ್ರವನ್ನೇ ಕೇಳಿದಳು. ಶುಕ್ರವಾರ. ಶುಕ್ರವಾರ ಆಸ್ತಿಪತ್ರ ಹೊಸಿಲು ದಾಟಬಾರದು ಎಂದು ನಾನು ಕೊಡಲಿಲ್ಲ. "ನಕಲು ಐತಲ್ಲ, ಸಾಕು ಹೋಗೇ" ಎಂದೆ. ಅವಳು ನಕಲನ್ನೇ ಚೀಲಕ್ಕೆ ಹಾಕಿಕೊಂಡಳು. ಜಗಳ ಆಡಿದ್ದರೆ ಒಳ್ಳೆಯದಿತ್ತು.

ಸೊಸೆ ಮನೆಯಲ್ಲೇ ಹಳೆ ಪತ್ರಗಳನ್ನು ಸ್ಕ್ಯಾನ್ ಮಾಡಿಕೊಡುವ ಕೆಲಸ ಮಾಡುತ್ತಾಳೆ. ಗಾಜಿನ ಸ್ಕ್ಯಾನರ್ ಒಂದು. ಅದರ ವೈರು ಹೋಗಿ ಸೇರುವುದು ಒಂದು ಕರಿ ಡಬ್ಬಕ್ಕೆ. ಡಬ್ಬದೊಳಗೆ ಲಿನಕ್ಸ್ ಅಂತ ಏನೋ ಇದೆ, ಅದು ಅವಳ ಮಾತು ಮಾತ್ರ ಕೇಳುತ್ತದೆ. ತೆಗೆದ ಪಟವೆಲ್ಲ ಆ ಡಬ್ಬದಲ್ಲಿ ಬೀಳುತ್ತದೆ. ಅಲ್ಲಿ ಬಿದ್ದರೆ ಸಾಕು, ಅವಳು ಎಲ್ಲಿದ್ದರೂ ಫೋನಿನಲ್ಲಿ ತೆಗೆದುಕೊಳ್ಳುತ್ತಾಳೆ. ಸ್ಕ್ಯಾನ್ ಮಾಡು ಎಂದು ಹೇಳುವುದು ಮೇಜಿನ ಮೇಲಿನ ಲ್ಯಾಪ್‌ಟಾಪಿನಿಂದ. ನೀಲಿ ಗುಂಡಿಯ ಮೇಲೆ ಬಾಣ ಇಟ್ಟು ಒತ್ತುವುದನ್ನು ನನಗೂ ಕಲಿಸಿದ್ದಳು.

ಪತ್ರವನ್ನು ಬಿಡಿಸಿ, ಹಿಂಬದಿ ಕೆಳಗೆ ಬರುವ ಹಾಗೆ ಗಾಜಿನ ಮೇಲೆ ಹಾಕಿದೆ. ಮಡಿಕೆ ಮಡಿಕೆಯಲ್ಲೂ ಹರಿದಿದೆ, ಅಂಟುಕಾಗದ ಹಿಡಿದು ನಿಲ್ಲಿಸಿದೆ. ಜೆರಾಕ್ಸ್ ಅಂಗಡಿಗೆ ಒಯ್ದರೆ ಹಾದಿಯಲ್ಲೇ ನಾಲ್ಕು ಚೂರು. ಮೊದಲು ಫೋನಿನಲ್ಲಿ ಫೋಟೊ ತೆಗೆದು ಕಳಿಸಿದ್ದೆ, ಹೆಬ್ಬೆಟ್ಟು ಬರೀ ಮಸಿ ಕಂಡಿತಂತೆ. ನೀಲಿ ಗುಂಡಿ ಒತ್ತಿದೆ. ಕೆಂಪು ಅಕ್ಷರ ಬಂತು, ಫೋನಿನಲ್ಲಿ ಹೇಳಿದೆ.

"ಕೆಂಪು ಬಂದ್ರೆ ಸ್ಕ್ಯಾನರ್ ಸಿಗ್ತಿಲ್ಲ ಅಂತ" ಎಂದಳು ಸೊಸೆ. "ಸ್ಕ್ಯಾನರಲ್ಲಿ ದೀಪ ಐತಾ?"

"ಐತೆ."

"ಡಬ್ಬದಲ್ಲಿ?"

"ಹಸಿರು ಉರೀತೈತೆ."

"ಮತ್ತೇನು ಮುಟ್ಟಿದ್ರಿ ಅತ್ತೆ, ನಿಜ ಹೇಳಿ."

ನಿಜ ಹೇಳಿದೆ. ಬೆಳಿಗ್ಗೆ ನೆಲ ಸಾರಿಸುವಾಗ ಮೂಲೆಯಲ್ಲಿದ್ದ ವೈಫೈ ಡಬ್ಬಿಯ ಪ್ಲಗ್ ಕಿತ್ತು, ಒರೆಸಿ, ಮತ್ತೆ ಹಾಕಿದ್ದೆ. ಶುಕ್ರವಾರ ಮೂಲೆಯಲ್ಲಿ ಕಸ ಬಿಡುವವಳಲ್ಲ ನಾನು. ಹೇಳುತ್ತಿದ್ದ ಹಾಗೇ ತಂಗಿ ತೋಟದ ಬೇಲಿಯಾಚೆ ಬಟ್ಟೆ ಗಂಟು ಹಿಡಿದು ನಿಂತ ಹಾಗೆ ನನ್ನ ಕಣ್ಣಿಗೆ ಕಂಡಿತು.

"ಕರಿ ಡಬ್ಬದಾಗೆ ಒಂದು ಪಟ್ಟಿ ಐತೆ" ಎಂದಳು ಸೊಸೆ. "ಯಾವ ನಂಬರಿಗೆ ಸ್ಕ್ಯಾನರ್ ಕೊಡಬೇಕು ಅಂತ. ವೈಫೈ ಆಫ್ ಆಗಿ ಆನ್ ಆದ್ರೆ ಲ್ಯಾಪ್‌ಟಾಪಿನ ನಂಬರ್ ಒಂದೊಂದ್ಸಲ ಬದಲಾಗ್ತದೆ. ಹೊಸ ನಂಬರ್ ಪಟ್ಟೀಲಿ ಇಲ್ಲ ಅಂತ ಡಬ್ಬ ಸ್ಕ್ಯಾನರ್ ಕೊಡ್ತಿಲ್ಲ."

"ಮನೇದೇ ಅಲ್ವೇನೇ ಲ್ಯಾಪ್‌ಟಾಪು?"

"ಅದಕ್ಕೆ ಮುಖ ಗೊತ್ತಿಲ್ಲ ಅತ್ತೆ, ನಂಬರೇ ಗೊತ್ತು."

ಪಟ್ಟಿಯನ್ನು ಅವಳ ಫೋನಿನಿಂದ ತಿದ್ದಲು ಬರುವುದಿಲ್ಲವಂತೆ, ಲ್ಯಾಪ್‌ಟಾಪಿನಿಂದ ನಾನೇ ತಿದ್ದಬೇಕು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಂಕಿ ಓದುತ್ತೇನೆ, ಇಂಗ್ಲಿಷ್ ಅಕ್ಷರ ಇಲ್ಲ. ವಿಡಿಯೊದಲ್ಲಿ ತೋರಿಸಿದರೆ ಅವಳಿಗೆ ಪರದೆಯ ಮೇಲೆ ಬರೀ ಗೆರೆ ಕಾಣುತ್ತಿತ್ತು. ಹಾಗಾಗಿ ಅವಳು ಹೇಳಿದ ಕಡೆಯೆಲ್ಲ ಒತ್ತುತ್ತಾ, ಕಂಡ ಅಂಕಿಯನ್ನು ಜೋರಾಗಿ ಓದುತ್ತಾ ಹೋದೆ. ಲ್ಯಾಪ್‌ಟಾಪಿನ ನಂಬರಿನ ಕೊನೆಯಲ್ಲಿ ಒಂಬತ್ತು. ಡಬ್ಬದ ಪಟ್ಟಿ ತೆರೆಸಿದಳು, ಅಲ್ಲಿ ಕೊನೆಯಲ್ಲಿ ಐದು.

"ಐದು ಅಳಿಸಿ ಒಂಬತ್ತು ಹಾಕಿ. ಅಷ್ಟೇ."

ಅಳಿಸುವ ಕೀ ಮೇಲೆ ಬೆರಳಿಟ್ಟೆ. ಬೆರಳು ಏಳಲಿಲ್ಲ. ಐದು ಹೋಯಿತು, ಅದರ ಹಿಂದಿನದು ಹೋಯಿತು, ಸಾಲಿಗೆ ಸಾಲೇ ಹೋಯಿತು.

"ಎಲ್ಲಾ ಹೋಯ್ತು ಕಣೇ!"

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ! ಬಿಳೀ ಆಗೋಯ್ತು!"

ಆ ಕಡೆ ತಂಗಿಯ ದನಿ ಕೇಳಿತು. "ಏನಂತೆ? ಪತ್ರ ಹರೀತಾ?" ಸೊಸೆ ಅವಳಿಗೆ, "ಇಲ್ಲ, ಸುಮ್ನಿರಿ ಚಿಕ್ಕತ್ತೆ" ಎಂದಳು. ನನಗೆ, "ಉಳಿಸೋ ಗುಂಡಿ ಮುಟ್ಟಬೇಡಿ. ಹಾಗೇ ಮುಚ್ಚಿ. ಮತ್ತೆ ತೆಗೀರಿ" ಎಂದಳು. ಒಂದಕ್ಕೆ ಹೋಗಬೇಕಿತ್ತು, ಹೋಗಲಿಲ್ಲ. ಮುಚ್ಚಿ ತೆಗೆದೆ. ಸಾಲುಗಳು ಇದ್ದವು. ಈ ಸಲ ಕೀ ಮೇಲೆ ಸೌದೆಯ ಕೆಂಡ ಮುಟ್ಟಿದ ಹಾಗೆ ಬೆರಳು ತಾಗಿಸಿ ಎತ್ತಿದೆ. ಐದು ಹೋಯಿತು. ಒಂಬತ್ತು ಹಾಕಿದೆ. ಉಳಿಸಿದೆ.

"ಈಗ ಡಬ್ಬ ಆಫ್ ಆಗಿ ಮತ್ತೆ ಆನ್ ಆಗಬೇಕು. ಪರದೆ ಕೆಳಗೆ ಕಿತ್ತಳೆ ಬಣ್ಣದ ಗುಂಡಿ ಕಾಣ್ತದಲ್ಲ, ಒತ್ತಿ. ಡಬ್ಬದ ಮೇಲಿರೋ ಗುಂಡಿ ಮುಟ್ಟಬೇಡಿ."

ಒತ್ತಿದೆ. ಹಸಿರು ದೀಪ ಆರಿತು. ಡಬ್ಬದೊಳಗೆ ಗುಂಯ್ಗುಟ್ಟುತ್ತಿದ್ದುದೂ ನಿಂತಿತು.

ನಾಲ್ಕು ವರ್ಷದಿಂದ ಊರಿನವರ ಪತ್ರಗಳನ್ನೆಲ್ಲ ಸೊಸೆ ಇಟ್ಟಿರುವುದು ಅದರಲ್ಲೇ. ತಂಗಿಯ ತೋಟದ ಜೊತೆ ಅದನ್ನೂ ಕೊಂದೆ ಎಂದುಕೊಂಡೆ. ಫೋನಿನಲ್ಲಿ ಸೊಸೆ "ಬಂತಾ?" ಎನ್ನುತ್ತಾಳೆ, ನಾನು "ಇಲ್ಲ" ಎನ್ನುತ್ತೇನೆ. "ಬಂತಾ?" "ಇಲ್ಲ." ನಾನು ಡಬ್ಬದ ಮುಂದೆ ನೆಲಕ್ಕೆ ಕೂತೆ.

ಟಕ್ ಎಂದಿತು. ಹಸಿರು ಮಿಣುಕಿತು, ಆರಿತು, ಮಿಣುಕಿತು, ನಿಂತಿತು.

ಎದ್ದು ನೀಲಿ ಗುಂಡಿ ಒತ್ತಿದೆ. ಸ್ಕ್ಯಾನರ್ ಕಿರ್ರ್ ಎಂದು ಗಾಜಿನಡಿ ಬಿಳಿ ಬೆಳಕು ಹೊತ್ತುಕೊಂಡು ಹೊರಟಿತು. ಆ ಬೆಳಕಿಗೆ ಪತ್ರ ಸುಟ್ಟೀತೆಂದು ಹೆದರಿ ಮುಚ್ಚಳ ಎತ್ತಿ ಪತ್ರದಡಿಗೆ ಬೆರಳು ತೂರಿಸಿ ಹಿಡಿದೆ.

"ಬಂತು ಅತ್ತೆ" ಎಂದಳು ಸೊಸೆ. ಆಮೇಲೆ, "ಆದ್ರೆ ಪತ್ರದ ಜೊತೆ ನಿಮ್ಮ ಬೆರಳೂ ಬಂದೈತೆ. ಹೆಬ್ಬೆಟ್ಟಿನ ಮೇಲೇ ಕೂತೈತೆ. ಕೈ ತೆಗೀರಿ, ಮುಚ್ಚಳ ಹಾಕ್ರಿ, ಇನ್ನೊಂದ್ಸಲ."

ಮುಚ್ಚಳ ಹಾಕಿ, ಕಣ್ಣು ಮುಚ್ಚಿಕೊಂಡು ಒತ್ತಿದೆ. ಎರಡೂ ಮುಕ್ಕಾಲಾಗಿತ್ತು.

ನಾಲ್ಕು ದಾಟಿದ ಮೇಲೆ ತಂಗಿಯೇ ಫೋನ್ ಮಾಡಿದಳು.

"ಅವನ ತಕರಾರು ಸದ್ಯಕ್ಕೆ ನಡೆಯಲ್ವಂತೆ. ತೋಟ ನನ್ನ ಹೆಸರಲ್ಲೇ ಇರ್ತದೆ. ಮುಂದಿನ ತಾರೀಕಿಗೆ ಅಸಲು ತೋರಿಸ್ಬೇಕಂತೆ."

"ಸರಿ."

"ನಿನ್ನ ಬೆರಳು ನೋಡ್ದೆ ಕಣಕ್ಕಾ, ಅಲೆ ಅಲೆಯಾಗಿ ಬಂದೈತೆ. ಅಷ್ಟು ನಡುಗ್ತಿದ್ಯೇನೇ?"

"ಯಂತ್ರ ಸರಿಯಿಲ್ಲ."

"ಹೂಂ, ಯಂತ್ರ!" ಎಂದು ಅವಳು ನಕ್ಕಳು. ಬೆಳಿಗ್ಗೆಯಿಂದ ಅವಳು ಏನು ತಿಂದಿದ್ದಳೋ ಕೇಳಬೇಕೆಂದುಕೊಂಡೆ, ಅಷ್ಟರಲ್ಲಿ ಇಟ್ಟುಬಿಟ್ಟಳು.

ಪತ್ರವನ್ನು ಗಾಜಿನಿಂದ ಎತ್ತಲು ನನಗೆ ಧೈರ್ಯವಾಗಲಿಲ್ಲ. ಅವರಿಬ್ಬರು ಬಸ್ಸಿಳಿದು ಬರುವವರೆಗೆ ಅದು ಮುಚ್ಚಳದಡಿಯೇ ಇತ್ತು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತಾ ಕೂತಿದ್ದೆ.