ಸಮಾಧಿಯ ಮಣ್ಣು ನಿಂತ ತಿರುವು

"ಮಗಾ, ನಮ್ಮೋರ ಸಮಾಧಿ ಮಣ್ಣು ಎಲ್ಲಿಗ್ ಹೋಯ್ತು ಅಂತ ನಿನ್ ಕಂಪ್ಯೂಟರ್ ಹೇಳ್ತದಾ?" ಲಲಿತಕ್ಕ ಕೇಳಿದರು.

ಗೋಣಿಬೀಡಿನ ಕಾಫಿ ಎಸ್ಟೇಟೊಂದರಲ್ಲಿ, ಮಳೆಗೆ ಕೊಚ್ಚಿಹೋದ ಮಣ್ಣು ಹಳ್ಳದಲ್ಲಿ ಎಲ್ಲೆಲ್ಲಿ ನಿಲ್ಲುತ್ತದೆ ಎಂದು ನಾನು ಲೆಕ್ಕ ಹಾಕಿದ ನಕ್ಷೆಯನ್ನು ಲ್ಯಾಪ್‌ಟಾಪಿನಲ್ಲಿ ಅಲ್ಲಿನ ಕೆಲಸದವರಿಗೆ ತೋರಿಸುತ್ತಿದ್ದೆ. ಹೋದ ಮಳೆಗಾಲ ಧರೆ ಕುಸಿದು, ಅವರಲ್ಲೊಬ್ಬರಾದ ಲಲಿತಕ್ಕನ ಗಂಡನ ಸಮಾಧಿಯೂ ಹಳ್ಳಕ್ಕೆ ಹೋಗಿತ್ತು.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವಳು ನಾನು. ಓದಿದ್ದು ಇವರ ಉಪಯೋಗಕ್ಕೆ ಬರಲಿ ಎಂದು ಹಳ್ಳದ ತಿರುವೊಂದನ್ನು ತೋರಿಸಿ, "ಸ್ವಲ್ಪ ಇಲ್ಲಿ ನಿಂತಿರ್ತದೆ ಅಕ್ಕ" ಎಂದೆ.

"ಹಂಗಾರೆ ಈ ಸಲ ಎಡೆ ಅಲ್ಲೇ ಇಡ್ತೀನಿ. ಎಲ್ಲಿಡೋದು ಅಂತ್ಲೇ ಗೊತ್ತಾಗ್ದೆ ಕೂತಿದ್ದೆ."

ಮುಂದಿನ ಮಳೆಗಾಲಕ್ಕೆ ತಿರುವಿನ ಆ ಮಣ್ಣೂ ಹೊಳೆಯ ಪಾಲಾಗುತ್ತದೆ ಎಂದು ಅದೇ ಲೆಕ್ಕ ಹೇಳುತ್ತದೆ. ಅದನ್ನು ಲಲಿತಕ್ಕನಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.