ಮೊಮ್ಮಗಳ ಬಲಗಣ್ಣು

ನನ್ನ ಮೊಮ್ಮಗಳ ಬಲಗಣ್ಣಿಗೆ ಕಾಣಿಸುತ್ತದೆ. ನಿನ್ನೆ ಬೆಳಿಗ್ಗೆ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದರು. ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಓದಿದಳು, ಕೊನೆಯ ಸಾಲೊಂದನ್ನು ಬಿಟ್ಟು. ಆ ಸಾಲು ನನ್ನ ಎರಡು ಕಣ್ಣಿಗೂ ಕಾಣಲಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೂ ಇದನ್ನು ಬರೆಯದೆ ಇರಲಾರೆ.

ಆದಿವಾಲದಲ್ಲಿ ನನ್ನ ಮಗ ಕಾರು ರಿಪೇರಿ ಶೆಡ್ಡು ಇಟ್ಟಿದ್ದಾನೆ. ಮೊಮ್ಮಗಳು ಡಿಪ್ಲೊಮಾ ಓದಿ ಅಪ್ಪನ ಜೊತೆಗೇ ನಿಂತಳು. ಇಂಜಿನ್ನಿಗೆ ಗಾಳಿ ಒಯ್ಯುವ ಅಲ್ಯೂಮಿನಿಯಂ ಕೊಳವೆಗಳಿಗೆ ಮ್ಯಾನಿಫೋಲ್ಡ್ ಅನ್ನುತ್ತಾರೆ. ಒಳಗೆಲ್ಲ ತರಿತರಿ. ಸಣ್ಣ ಗ್ರೈಂಡರಿನಲ್ಲಿ ಹೆರೆದು, ಉಪ್ಪುಕಾಗದದಲ್ಲಿ ತಿಕ್ಕಿ ನಯ ಮಾಡಿದರೆ ಗಾಳಿ ಸಲೀಸಾಗಿ ನುಗ್ಗಿ ಗಾಡಿ ಜೋರಾಗಿ ಎಳೆಯುತ್ತದಂತೆ. ಹೊಳಲ್ಕೆರೆಯವರೊಬ್ಬರ ರೇಸಿನ ಕಾರಿಗೆ ಆ ಕೆಲಸ ಹಿಡಿದಿದ್ದಳು.

“ಬೆರಳಿಟ್ಟು ನೋಡಜ್ಜಿ, ನಿನ್ನ ಮುದ್ದೆಗಿಂತ ನುಣ್ಣಗೈತೆ.”

“ನನ್ನ ಮುದ್ದೆಲಿ ಒಂದು ಗಂಟು ತೋರ್ಸು, ಆಮೇಲೆ ಮಾತಾಡು,” ಅಂದಿದ್ದೆ.

ಅವತ್ತೇ ಸಂಜೆ ಕೊಳವೆಯೊಳಗೆ ಇಣುಕಲು ಚೂರು ತಡೆಯುವ ಕನ್ನಡಕ ತೆಗೆದಿದ್ದಾಳೆ, ಗ್ರೈಂಡರ್ ನಿಲ್ಲಿಸಿಲ್ಲ. ಅದರ ಹೆರೆಯುವ ತುದಿಯ ಹಲ್ಲೊಂದು ಮುರಿದು ಚೂರು ಕಣ್ಣಿಗೆ ಸಿಡಿಯಿತು. ಕಣ್ಣುಜ್ಜುತ್ತಾ ಮನೆಗೆ ಬಂದಳು. ದೂಳೆಂದುಕೊಂಡು ಸೆರಗು ಉಂಡೆ ಮಾಡಿ, ಊದಿ ಊದಿ ಕಾವು ಕೊಟ್ಟೆ. ಹರಳೆಣ್ಣೆ ಎರಡು ಹನಿ ಬಿಟ್ಟು ಬಟ್ಟೆ ಕಟ್ಟಿದೆ. ನಮ್ಮವ್ವ ನನಗೆ ಮಾಡುತ್ತಿದ್ದುದೇ ಅದು. “ಹಿರಿಯೂರು ಆಸ್ಪತ್ರೆಗೆ ಹೋಗಾಣ” ಎಂದ ಮಗನಿಗೆ, “ನಾಳೆಗೆ ಇಳೀತೈತೆ, ಸುಮ್ನಿರಪ್ಪ” ಅಂದವಳೂ ನಾನೇ. ಮೂರನೆಯ ದಿನ ಕೀವು ಬಂತು.

ಚಿತ್ರದುರ್ಗದಲ್ಲಿ ಚೂರು ತೆಗೆದ ಡಾಕ್ಟರಮ್ಮ, “ಎಣ್ಣೆ ಹಾಕಿದ್ದು ಯಾರು?” ಎಂದು ಕೇಳಿದರು.

“ನಾನೇ ಕಣವ್ವ.”

“ಮೊದಲ ದಿನವೇ ಕರ್ಕೊಂಡು ಬರಬೇಕಿತ್ತು. ಈಗ ಸೋಂಕಾಗಿದೆ. ನೋಟ ಬರುತ್ತೆ ಅಂತ ಹೇಳೋಕಾಗಲ್ಲ.”

ಮಗ ಅವತ್ತಿನಿಂದ ನನ್ನೊಡನೆ ಮಾತು ಬಿಟ್ಟ. ಬೈದಿದ್ದರೆ ವಾಸಿಯಿತ್ತು. ಮುದ್ದೆ ತಿರುವಲು ಕೋಲು ಹಿಡಿದರೆ ಕೈಯೇ ಏಳುತ್ತಿರಲಿಲ್ಲ, ಸೊಸೆಯೇ ಮಾಡಿದಳು. ಮೊಮ್ಮಗಳು ಮಾತ್ರ ಪಟ್ಟಿ ಕಟ್ಟಿಕೊಂಡೇ ಆ ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡು ಒಳಗೆ ಬೆರಳಾಡಿಸುತ್ತಿದ್ದಳು.

“ಇಲ್ಲಿ ಇನ್ನೂ ತರಿ ಐತೆ, ಅಪ್ಪಾ.”

“ಕಣ್ಣು ಹೋದ್ರೂ ಇದನ್ನೇ ಮಾಡ್ತೀಯೇನೇ?”

“ಬೆರಳು ಅದಾವಲ್ಲ.”

ಅವನು ಎದ್ದು ಹೊರಗೆ ಹೋದ. ನಾನು ಹಿತ್ತಿಲಿಗೆ ಹೋಗಿ ಹರಳೆಣ್ಣೆ ಬಾಟಲಿಯನ್ನು ತಿಪ್ಪೆಗೆ ಎಸೆದು ಬಂದೆ.

ನಿನ್ನೆ ಸಂಜೆ ಮುದ್ದೆ ನಾನೇ ತಿರುವಿದೆ. ಖುಷಿಯಲ್ಲಿ ಗಡಿಬಿಡಿಯಾಗಿ ತಿರುವಿ ಇಳಿಸಿದೆ. ಹುರುಳಿಕಾಳಿನ ಸಾರು ಹಾಕಿಕೊಂಡು ನಾಲ್ವರೂ ಕುಳಿತೆವು. ಮೊಮ್ಮಗಳು ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣಲ್ಲಿ ತಟ್ಟೆಯನ್ನೇ ನೋಡಿದಳು. ಮುದ್ದೆಯೊಳಗಿನ ಒಣ ಹಿಟ್ಟಿನ ಗಂಟನ್ನು ಬೆರಳಿಂದ ಎಬ್ಬಿಸಿ ಎತ್ತಿ ಹಿಡಿದಳು.

“ಅಜ್ಜೀ, ಇದೇನು?”

ಸೊಸೆ ನಕ್ಕಳು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಮಗ ತಲೆ ಎತ್ತದೆ ತಟ್ಟೆಯನ್ನು ನನ್ನತ್ತ ಸರಿಸಿದ.

“ಗಂಟಿದ್ರೆ ಇರ್ಲಿ ಬಿಡು. ನಂಗಿನ್ನೊಂದರ್ಧ ಹಾಕವ್ವ.”

ಅರ್ಧವಲ್ಲ, ಇಡೀ ಮುದ್ದೆಯನ್ನೇ ಇಟ್ಟೆ. ಎಲ್ಲರೂ ಉಂಡೆವು.